ಇಸಿಜಿ ಪ್ಯಾಡ್ ಚರ್ಮಕ್ಕೆ ತಾಗುವ ಜಾಗದ ರೆಸಿಸ್ಟೆನ್ಸ್ ಅಳೆದದ್ದು ಹೀಗೆ

ಎದೆಬಡಿತವನ್ನು ಗೆರೆಯಾಗಿ ಬರೆಯುವ ಇಸಿಜಿ ಮಿಷನ್ ಹಾಳಾಗಿದೆ ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಮೈಗೆ ಅಂಟಿಸುವ ಜೆಲ್ ಪ್ಯಾಡ್ ಬಗ್ಗೆ. ಮಡಿಕೇರಿಯಲ್ಲಿದ್ದುಕೊಂಡು ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪದ ಕಡೆಯ ಸಣ್ಣ ಕ್ಲಿನಿಕ್‌ಗಳ ಉಪಕರಣ ರಿಪೇರಿ ಮಾಡುವುದು ನನ್ನ ಕೆಲಸ. ಗೆರೆ ನಡುಗುತ್ತೆ, ಮೇಲೆ ಕೆಳಗೆ ತೇಲುತ್ತೆ ಅನ್ನುವ ದೂರು ಬಂದಾಗ ಜಾಸ್ತಿ ಸಲ ಮಿಷನ್ ಸರಿಯಾಗೇ ಇರುತ್ತದೆ. ತೊಂದರೆ ಇರುವುದು ಪ್ಯಾಡ್ ಚರ್ಮಕ್ಕೆ ತಾಗುವ ಜಾಗದಲ್ಲಿ. ಅಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಆಗುವ ತಡೆ, ಜಾಸ್ತಿ ಇರುತ್ತದೆ. ಅದನ್ನು ಬಾಯಿಮಾತಲ್ಲಿ ಹೇಳಿದರೆ ಯಾರೂ ನಂಬಲ್ಲ. ಅಳೆದು ತೋರಿಸಬೇಕು.

ಮಲ್ಟಿಮೀಟರ್‌ನಿಂದ ಅದು ಆಗುವುದಿಲ್ಲ. ಓಂ ರೇಂಜಿಗೆ ಇಟ್ಟು ಎರಡೂ ಕಡ್ಡಿಗಳನ್ನು ಉಪ್ಪುನೀರಿಗೆ ಅದ್ದಿ ನೋಡಿ. ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಕಡ್ಡಿ ಅದಲು ಬದಲು ಮಾಡಿದರೆ ಬೇರೆಯದೇ ಅಂಕಿ. ತಂತಿಯಲ್ಲಿ ಕರೆಂಟ್ ಒಯ್ಯುವುದು ಎಲೆಕ್ಟ್ರಾನ್. ನೀರಿನಲ್ಲೂ ಮೈಯಲ್ಲೂ ಅದನ್ನು ಒಯ್ಯುವುದು ಅಯಾನು, ಅಂದರೆ ಕರಗಿದ ಉಪ್ಪಿನ ಚಾರ್ಜ್ ಇರುವ ಕಣ. ಜೀಪ್ ರಸ್ತೆ ಮುಗಿದಲ್ಲಿ ಮೂಟೆ ಇಳಿಸಿ ತಲೆಗೆ ಹೊರಿಸುವ ಹಾಗೆ, ಲೋಹ ಮುಗಿದಲ್ಲಿ ಕರೆಂಟ್ ಕೈ ಬದಲಾಯಿಸಬೇಕು. ಮೀಟರ್ ಡಿಸಿ ಕೊಡುತ್ತದೆ, ಅಂದರೆ ಒಂದೇ ದಿಕ್ಕಿಗೆ ತಳ್ಳುತ್ತದೆ. ಅಯಾನುಗಳು ಲೋಹದ ಹತ್ತಿರ ಗುಂಪುಗಟ್ಟಿ, ಆ ಜಾಗ ಚಾರ್ಜ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಥರ ಚಾರ್ಜ್ ಆಗುತ್ತಾ ಹೋಗುತ್ತದೆ. ಅದಕ್ಕೇ ಎಸಿ, ಅಂದರೆ ದಿಕ್ಕು ಬದಲಾಯಿಸುತ್ತಲೇ ಇರುವ ಕರೆಂಟ್ ಬೇಕು. ಜರ್ಮನಿಯ ಭೌತವಿಜ್ಞಾನಿ ಕೋಲ್‌ರೌಶ್ 19ನೇ ಶತಮಾನದಲ್ಲೇ ದ್ರಾವಣಗಳನ್ನು ಎಸಿ ಹಾಯಿಸಿ ಅಳೆದಿದ್ದರು.

ಮೈಗೆ ಹಾಕುವ ಮುಂಚೆ ನೀರಿನಲ್ಲಿ ಪರೀಕ್ಷೆ ಮಾಡಿದೆ. ಒಂದು ಪ್ಲಾಸ್ಟಿಕ್ ಟ್ರೇ, ಎರಡು ಸ್ಟೀಲ್ ತಗಡು, 0.9% ಸಲೈನ್ (ಡ್ರಿಪ್‌ಗೆ ಹಾಕುವ ಉಪ್ಪುನೀರು). ತಗಡುಗಳ ನಡುವಿನ ದೂರ ಎರಡು ಪಟ್ಟು ಮಾಡಿದರೆ ರೆಸಿಸ್ಟೆನ್ಸ್ ಕೂಡ ಎರಡು ಪಟ್ಟು ಆಗಬೇಕು ಅಲ್ವಾ? 10 ಹರ್ಟ್ಸ್‌ನಲ್ಲಿ, ಅಂದರೆ ಎಸಿ ಸೆಕೆಂಡಿಗೆ 10 ಸಲ ಹೋಗಿಬರುವಾಗ, ಅಂಕಿ ಹೆಚ್ಚುಕಮ್ಮಿ ಅಲ್ಲೇ ಇತ್ತು. 10 ಕಿಲೋಹರ್ಟ್ಸ್‌ಗೆ ಹೋದಾಗ ದೂರದ ಜೊತೆ ಏರಿತು. ಅಂದರೆ ಕಡಿಮೆ ಫ್ರೀಕ್ವೆನ್ಸಿಯಲ್ಲಿ ನಾನು ಅಳೆಯುತ್ತಿದ್ದದ್ದು ನೀರನ್ನಲ್ಲ, ಲೋಹ ನೀರಿಗೆ ತಾಗುವ ಜಾಗವನ್ನು. ಆಮೇಲೆ ಮನೆ ಹಿಂದಿನ ತೋಡಿನ ನೀರು ಹಾಕಿದೆ. ನಮ್ಮ ಮಳೆಗಾಲದ ತೋಡಿನ ನೀರಿನಲ್ಲಿ ಲವಣ ತೀರಾ ಕಡಿಮೆ. ನೀರಿನ ರೆಸಿಸ್ಟೆನ್ಸೇ ಅಷ್ಟು ದೊಡ್ಡದಿರುವುದರಿಂದ 10 ಹರ್ಟ್ಸ್‌ನಲ್ಲೂ ದೂರದ ವ್ಯತ್ಯಾಸ ಚೆನ್ನಾಗಿ ಕಂಡಿತು. ಈ ಎರಡು ನೀರನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ನನಗೆ ಪುಸ್ತಕಕ್ಕಿಂತ ಜಾಸ್ತಿ ಕಲಿಸಿತು.

ಮೈಮೇಲೆ ಅಳೆಯಲು ಎಸಿ ಕೊಡುವ ಬ್ಯಾಟರಿಯ ಸಿಗ್ನಲ್ ಜನರೇಟರ್, ವೋಲ್ಟೇಜನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಬ್ಯಾಟರಿಯ ಆಸಿಲೋಸ್ಕೋಪ್ (ಸ್ಕೋಪ್). ಪ್ಲಗ್‌ಗೆ ಹಾಕಿದ ಯಾವ ಸಾಮಾನನ್ನೂ ಮೈಗೆ ಸೇರಿಸಬಾರದು, ಚಾರ್ಜ್ ಆಗುತ್ತಿರುವ ಲ್ಯಾಪ್‌ಟಾಪ್ ಕೂಡ. 1 ವೋಲ್ಟಿಗೆ ಸರಣಿಯಲ್ಲಿ 1 ಮೆಗಾ ಓಂ ಹಾಕಿದೆ. ಏನೇ ಆದರೂ 1 ಮೈಕ್ರೋ ಆಂಪಿಯರ್ ದಾಟುವುದಿಲ್ಲ. ಪ್ಯಾಡಿನ ಜಾಗಕ್ಕೆ ಮೊದಲು 10 ಕಿಲೋ, 100 ಕಿಲೋ ಓಂ ರೆಸಿಸ್ಟರ್ ಹಾಕಿ ಸ್ಕೋಪ್ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಂಡೆ. 50 ಹರ್ಟ್ಸ್ ಹತ್ತಿರ ಹೋಗಲೇ ಇಲ್ಲ, ಗೋಡೆಯ ವೈರಿಂಗ್ ಅದನ್ನು ತುಂಬಿಬಿಡುತ್ತದೆ.

ಎರಡೇ ಪ್ಯಾಡ್ ಇಟ್ಟರೆ ಎರಡೂ ಕಡೆಯ ಚರ್ಮ ಸೇರಿ ಒಂದು ಅಂಕಿ ಬರುತ್ತದೆ. ಯಾವುದು ಕೆಟ್ಟದ್ದು ಅಂತ ಗೊತ್ತಾಗಲ್ಲ. ಅದಕ್ಕೆ ಮೂರು ಪ್ಯಾಡ್. ಕರೆಂಟ್ ಒಂದರಿಂದ ಒಳಗೆ ಹೋಗಿ, ನಾನು ಅಳೆಯಬೇಕಾದ ಪ್ಯಾಡಿನಿಂದ ಹೊರಗೆ ಬರುತ್ತದೆ. ಜನರೇಟರ್, ಸ್ಕೋಪ್ ಎರಡರ ಗ್ರೌಂಡ್ ತಂತಿಯೂ ಈ ಪ್ಯಾಡಿಗೇ. ಮೂರನೆಯದನ್ನು ಅದರ ಪಕ್ಕ ಅಂಟಿಸಿ ಸ್ಕೋಪಿಗೆ ಕೊಟ್ಟೆ. ಮೂರನೆಯದರಲ್ಲಿ ಕರೆಂಟ್ ಹರಿಯುವುದಿಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅಲ್ಲಿ ವೋಲ್ಟೇಜ್ ಬೀಳುವುದಿಲ್ಲ. ಸ್ಕೋಪಿನಲ್ಲಿ ಕಾಣುವುದು ನನಗೆ ಬೇಕಾದ ಒಂದೇ ಪ್ಯಾಡಿನ ಲೆಕ್ಕ. ಇಷ್ಟು ಸರಳ ಜೋಡಣೆ ಇಷ್ಟು ಸ್ಪಷ್ಟ ಉತ್ತರ ಕೊಡುವುದು ನನಗೆ ಇವತ್ತಿಗೂ ಖುಷಿ.

ನನ್ನ ಮುಂಗೈ ಮೇಲೆ, ಜನವರಿಯ ಒಣ ಚಳಿಯಲ್ಲಿ, ಸುಮ್ನೆ ಅಂಟಿಸಿದ ಪ್ಯಾಡ್ 10 ಹರ್ಟ್ಸ್‌ನಲ್ಲಿ ಸುಮಾರು 90 ಕಿಲೋ ಓಂ ತೋರಿಸಿತು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಅದರಿಂದ ಚರ್ಮ ಉಜ್ಜಿ, ಒರೆಸಿ, ಅದೇ ಜಾಗಕ್ಕೆ ಹೊಸ ಪ್ಯಾಡ್ ಹಾಕಿದೆ. 8 ಕಿಲೋ ಓಂಗೆ ಇಳಿಯಿತು. ಚರ್ಮದ ಮೇಲ್ಪದರದ ಸತ್ತ ಜೀವಕೋಶಗಳೇ ದೊಡ್ಡ ತಡೆ. ಅದರ ಒಳಗಿನ ಮೈಯ ರೆಸಿಸ್ಟೆನ್ಸ್ ಬರೀ ಕೆಲವು ನೂರು ಓಂ. ಇಸಿಜಿಗೆ 1924ರಲ್ಲಿ ನೊಬೆಲ್ ಪಡೆದ ಐಂಥೋವನ್ ಶುರುವಿನಲ್ಲಿ ರೋಗಿಯ ಕೈಕಾಲನ್ನೇ ಉಪ್ಪುನೀರಿನ ಪಾತ್ರೆಯಲ್ಲಿ ಇಡಿಸುತ್ತಿದ್ದರು. ಯಾಕೆ ಅಂತ ಈ ಅಂಕಿ ನೋಡಿದ ಮೇಲೆ ಅರ್ಥವಾಗುತ್ತದೆ.

ಒಂದು ಕ್ಲಿನಿಕ್‌ನಲ್ಲಿ ಸಿಸ್ಟರ್ ಕೇಳಿದರು, "ಅಣ್ಣಾ, ಮಳೆಗಾಲದಲ್ಲಿ ಮೈಯೆಲ್ಲ ಒದ್ದೆ ಇರುತ್ತಲ್ಲ, ಆಗಲೂ ಯಾಕೆ ಗೆರೆ ಸರಿ ಬರಲ್ಲ?" ಮಳೆನೀರಿನಲ್ಲಿ ಉಪ್ಪಿಲ್ಲ ಸಿಸ್ಟರ್, ಅದು ಅಂಟನ್ನು ಬಿಡಿಸುತ್ತದೆ ಅಷ್ಟೆ, ಅಂದೆ. ಮೊದಲು ಒಣಬಟ್ಟೆಯಿಂದ ಒರೆಸಿ, ಆಮೇಲೆ ಉಜ್ಜಿ. ತೋಟದ ಕೆಲಸದಿಂದ ಚರ್ಮ ದಪ್ಪಗಾದ ಅಜ್ಜಂದಿರಿಗೆ ಇನ್ನಷ್ಟು ಹೊತ್ತು ಉಜ್ಜಬೇಕು. ಆದರೆ ಕೆಂಪಾಗುವಷ್ಟು ಬೇಡ.

ಇನ್ನು ಪ್ಯಾಡೇ ಒಣಗಿದೆಯಾ ಅಂತ ನೋಡಲು ಮೈ ಬೇಕಾಗಿಲ್ಲ. ಎರಡು ಪ್ಯಾಡ್‌ಗಳನ್ನು ಜೆಲ್‌ಗೆ ಜೆಲ್ ತಾಗುವಂತೆ ಮುಖಾಮುಖಿ ಅಂಟಿಸಿ. ಸರಣಿಯಲ್ಲಿ 100 ಕಿಲೋ ಓಂ ಹಾಕಿ 10 ಹರ್ಟ್ಸ್‌ನಲ್ಲಿ ಅಳೆಯಿರಿ. ಒಳ್ಳೆಯ ಜೋಡಿ 2 ಕಿಲೋ ಓಂಗಿಂತ ಕೆಳಗಿರುತ್ತದೆ, 3 ದಾಟಿದರೆ ಬೇಡ. ಬಾಯಿ ತೆರೆದು ಡ್ರಾಯರ್‌ನಲ್ಲಿ ಬಿಟ್ಟ ಪ್ಯಾಕೆಟ್‌ನ ಪ್ಯಾಡ್‌ಗಳು ಬೇಗ ಒಣಗುತ್ತವೆ. ಬಳಸಿದ ಮೇಲೆ ಬಾಯಿ ಮಡಚಿ ಟೇಪ್ ಹಾಕಿಡಿ.