ಪ್ರಸಂಗಕ್ಕಲ್ಲದ ಓದು: ಸಭಾಪಾಲನೆಯ ನಡುವೆ ಪಡೆದ ಬಿಡುವು

ಮಲೆನಾಡಿನ ನಮ್ಮ ಪಾಸ್ಟೊರೇಟಿನಲ್ಲಿ, ಅಂದರೆ ಸಭಾಪಾಲಕನಾಗಿ (ಪಾದ್ರಿಯಾಗಿ) ನಾನು ನೋಡಿಕೊಳ್ಳುವ ಸಭೆಗಳ ಗುಂಪಿನಲ್ಲಿ, ಪೇಟೆಯ ದೇವಾಲಯದ ಜೊತೆಗೆ ಕಾಫಿ ತೋಟಗಳ ನಡುವೆ ಸಣ್ಣ ಸಣ್ಣ ಶಾಖಾ ಸಭೆಗಳಿವೆ. ಭಾನುವಾರ ಎಲ್ಲ ಕಡೆ ಆರಾಧನೆ ಮುಗಿಸಿ ಬರುವಾಗ ದಣಿವಾಗುವುದು ಸಹಜ, ಅದು ರಾತ್ರಿಯ ನಿದ್ದೆಗೆ ಹೋಗುತ್ತದೆ. ಹೋಗದೆ ಉಳಿದದ್ದು ಬೇರೆ. ಬೈಬಲ್ ತೆರೆದರೆ ಸಾಕು, ಕೈ ಪೆನ್ಸಿಲನ್ನು ಹುಡುಕುತ್ತಿತ್ತು. ಯಾವ ಅಧ್ಯಾಯ ಓದಿದರೂ ಪ್ರಸಂಗದ (ಆರಾಧನೆಯಲ್ಲಿ ಮಾಡುವ ಉಪದೇಶದ) ಮೂರು ಅಂಶಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ದೇವರು ನನಗೇನು ಹೇಳುತ್ತಿದ್ದಾನೆ ಎಂದು ಕೇಳಿಸಿಕೊಳ್ಳುವ ಮೊದಲೇ ಸಭೆಗೆ ಏನು ಹೇಳಲಿ ಎಂಬ ಯೋಚನೆ ಶುರುವಾಗುತ್ತಿತ್ತು. ವರ್ಷಗಟ್ಟಲೆ ಹೀಗೆಯೇ ನಡೆದಾಗ, ಬಿಡುವು ಬೇಕು ಎಂದು ಬಿಷಪ್ಪರಿಗೆ ಪತ್ರ ಬರೆದೆ.

ಪಾಸ್ಟೊರೇಟ್ ಕಮಿಟಿಯಲ್ಲಿ ವಿಷಯ ಇಟ್ಟಾಗ ಒಬ್ಬ ಹಿರಿಯರು, "ಅಯ್ಯನವರೇ, ನಮ್ಮ ಮೇಲೆ ಏನಾದರೂ ಬೇಸರವೇ?" ಎಂದು ಕೇಳಿದರು. ಉತ್ತರವಾಗಿ ನಾನು ಬೈಬಲಿನಿಂದ ಎಲೀಯನ ಕಥೆ ಓದಿದೆ. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದ ಪ್ರವಾದಿ ಗಿಡದ ಕೆಳಗೆ ಮಲಗಿ ಸಾವನ್ನು ಕೇಳುತ್ತಾನೆ. ದೇವದೂತನು ಅವನನ್ನು ಗದರಿಸುವುದಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟು ಎಬ್ಬಿಸುತ್ತಾನೆ. ತಿಂದವನು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ತಿನ್ನಿಸಿದ ಮೇಲೆಯೇ ಮುಂದಿನ ಪ್ರಯಾಣ. ಹಿರಿಯರಿಗೆ ಅಷ್ಟು ಸಾಕಾಯಿತು. "ಹೋಗಿ ಬನ್ನಿ, ಆದರೆ ಸಂಸ್ಕಾರ ನಿಲ್ಲಬಾರದು" ಎಂದರು. ಸಂಸ್ಕಾರವೆಂದರೆ ಕರ್ತನ ಭೋಜನ, ರೊಟ್ಟಿ ದ್ರಾಕ್ಷಾರಸ ಹಂಚುವ ಕ್ರಮ.

ಅವರು ಹೇಳಿದ್ದು ಸರಿಯಾದ ಮಾತು. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕ್ರಮದಲ್ಲಿ ಆರಾಧನೆ ನಡೆಸಲು, ಪ್ರಸಂಗ ಮಾಡಲು ಸಭೆಯ ವಿಶ್ವಾಸಿಗಳಲ್ಲಿ ತರಬೇತಾದವರು ಇದ್ದಾರೆ. ಕರ್ತನ ಭೋಜನಕ್ಕೆ ಮಾತ್ರ ಅಭಿಷೇಕ ಹೊಂದಿದ ಸಭಾಪಾಲಕರೇ ಬೇಕು. ನಿವೃತ್ತ ಸಭಾಪಾಲಕರೊಬ್ಬರು ಅದಕ್ಕೆ ಒಪ್ಪಿದರು. ಶವಸಂಸ್ಕಾರಕ್ಕೆ ಪಕ್ಕದ ಪಾಸ್ಟೊರೇಟಿನವರು. ಕಾಲವಾಗಿ ಮಳೆಗಾಲವನ್ನೇ ಆರಿಸಿಕೊಂಡೆ: ಈಸ್ಟರ್ ಮುಗಿದಿರುತ್ತದೆ, ಮೇ ತಿಂಗಳ ಮದುವೆಗಳೂ ಮುಗಿದಿರುತ್ತವೆ, ಸುಗ್ಗಿ ಹಬ್ಬದ ಓಡಾಟ ಇನ್ನೂ ದೂರ.

ಬಿಡುವು ಬಯಸುವ ಕಿರಿಯ ಸಭಾಪಾಲಕರಿಗೆ ನಾನು ಒತ್ತಿ ಹೇಳುವುದು ಹಸ್ತಾಂತರದ ವಿಷಯ. ಜವಾಬ್ದಾರಿಯನ್ನು ಅರ್ಧ ಕೈಯಲ್ಲಿ ಹಿಡಿದುಕೊಂಡು ಹೋದರೆ ಅದು ಬಿಡುವಲ್ಲ, ದೂರದಿಂದ ಮಾಡುವ ಕೆಲಸ. ಎಲ್ಲರ ಬಳಿಯೂ ಇದ್ದ ಸಭೆಯ ಮೊಬೈಲ್ ಸಂಖ್ಯೆಯ ಸಿಮ್ಮನ್ನೇ ಕಾರ್ಯದರ್ಶಿಯವರ ಕೈಗೆ ಕೊಟ್ಟೆ. ಒಂದು ನೋಟ್‌ಬುಕ್‌ನಲ್ಲಿ ಹಾಸಿಗೆ ಹಿಡಿದವರ ಮನೆಗಳು, ಯಾರಿಗೆ ಮನೆಯಲ್ಲೇ ಸಂಸ್ಕಾರ ಕೊಡಬೇಕು, ಯಾವ ತೋಟದ ದಾರಿ ಮಳೆಯಲ್ಲಿ ಮುಚ್ಚುತ್ತದೆ ಎಲ್ಲವನ್ನೂ ಬರೆದೆ. ಜನ ನನ್ನನ್ನು ನಂಬಿ ಹೇಳಿಕೊಂಡದ್ದನ್ನು ಮಾತ್ರ ಬರೆಯಲಿಲ್ಲ. ಅಂಥವರ ಮನೆಗಳಿಗೆ ನಾನೇ ಹೋಗಿ, "ನಾನಿಲ್ಲದಾಗ ಯಾರ ಹತ್ತಿರ ಮಾತಾಡಲು ನಿಮಗೆ ಮನಸ್ಸು?" ಎಂದು ಕೇಳಿಕೊಂಡು ಬಂದೆ. ಹೊರಡುವ ಮುನ್ನ ಮಾಡಿದ ಕೆಲಸಗಳಲ್ಲಿ ಬಹಳ ಸಮಯ ಹಿಡಿದದ್ದು ಇದೇ, ಮತ್ತು ಅಷ್ಟು ಸಮಯ ಅದಕ್ಕೆ ಸಲ್ಲಲೇಬೇಕು.

ಮಕ್ಕಳ ಶಾಲೆ ಇದ್ದುದರಿಂದ ಮನೆಯವರು ಸಭಾಪಾಲಕರ ಬಂಗ್ಲೆಯಲ್ಲೇ ಉಳಿದರು. "ಬಾಗಿಲಿಗೆ ಬಂದವರಿಗೆ ಕಾಫಿ ಕೊಡುತ್ತೇನೆ, ಸಭೆಯ ಉತ್ತರ ನಾನು ಕೊಡುವುದಿಲ್ಲ" ಎಂದು ನನ್ನ ಹೆಂಡತಿ ಕಮಿಟಿಯವರ ಎದುರಿಗೇ ಹೇಳಿದಳು. ಆ ಸ್ಪಷ್ಟತೆಯಿಂದ ಎಲ್ಲರಿಗೂ ಅನುಕೂಲವಾಯಿತು. ಸಂಬಳ ಡಯಾಸಿಸ್‌ನಿಂದ (ಬಿಷಪ್ಪರ ಆಡಳಿತ ಪ್ರಾಂತ್ಯದಿಂದ) ಬರುತ್ತಲೇ ಇತ್ತು, ಊಟ ವಸತಿ ನಮ್ಮ ಉಳಿತಾಯದಿಂದ.

ನಾನು ಹೋದದ್ದು ಮಂಗಳೂರಿನ ಬಲ್ಮಠಕ್ಕೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1847ರಲ್ಲಿ ಉಪದೇಶಿಗಳನ್ನು ತಯಾರು ಮಾಡಲು ಆರಂಭಿಸಿದ ಸೆಮಿನರಿಯೇ ಇಂದಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜು. ಮೊದಲ ದಿನಗಳಲ್ಲಿ ನಿದ್ದೆ ಬಿಟ್ಟು ಬೇರೇನೂ ಮಾಡಲಿಲ್ಲ. ಆಮೇಲೆ ಬೈಬಲಿನ ಕೀರ್ತನೆಗಳನ್ನು ಕೈಗೆತ್ತಿಕೊಂಡೆ. ಬಿ.ಡಿ. (ದೇವಶಾಸ್ತ್ರದ ಪದವಿ) ಓದುವಾಗ ಕಲಿತ, ಅವುಗಳ ಮೂಲ ಭಾಷೆಯಾದ ಹೀಬ್ರೂ ತುಕ್ಕು ಹಿಡಿದಿತ್ತು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ನಾನೇ ಹಾಕಿಕೊಂಡ ನಿಯಮ ಒಂದೇ: ಈ ಓದಿನಿಂದ ಒಂದೂ ಪ್ರಸಂಗದ ಟಿಪ್ಪಣಿ ಹುಟ್ಟಬಾರದು. ಪೆನ್ಸಿಲನ್ನು ಕೋಣೆಯಲ್ಲೇ ಬಿಟ್ಟು ಗ್ರಂಥಾಲಯಕ್ಕೆ ಹೋಗುತ್ತಿದ್ದೆ.

ಪ್ರಲಾಪದ ಕೀರ್ತನೆಗಳು ನನ್ನನ್ನು ಹಿಡಿದು ನಿಲ್ಲಿಸಿದವು. 13ನೆಯ ಕೀರ್ತನೆ "ಎಷ್ಟು ಕಾಲ" ಎಂದು ನಾಲ್ಕು ಬಾರಿ ಕೇಳಿ ಕೊನೆಗೆ ಹಾಡಿನಲ್ಲಿ ಮುಗಿಯುತ್ತದೆ. 88ನೆಯದು ಹಾಗೆ ತಿರುಗುವುದೇ ಇಲ್ಲ, ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ. ಅದರ ಮೇಲೆ ನಾನೆಂದೂ ಪ್ರಸಂಗ ಮಾಡಿರಲಿಲ್ಲ. ಪೀಠದಿಂದ ಜನರನ್ನು ಸಮಾಧಾನದಿಂದ ಮನೆಗೆ ಕಳಿಸಬೇಕಲ್ಲ! ಈಗ ಯಾರನ್ನೂ ಕಳಿಸುವುದಿರಲಿಲ್ಲ. ಅದನ್ನು ಓದುತ್ತಾ, ನಾನು ಮಣ್ಣು ಮಾಡಿದ ಒಂದು ಮಗು, ಅದರ ತಾಯಿ ನೆನಪಾದರು. ಅಂದು ಕ್ರಮ ನಡೆಸುವವನಾಗಿ ನಿಂತಿದ್ದ ನನಗೆ ಅಳಲು ಆಗಿರಲಿಲ್ಲ. ಬಲ್ಮಠದ ಮಳೆಯಲ್ಲಿ ಅತ್ತೆ.

ಅದೇ ದಿನಗಳಲ್ಲಿ ದಾಸರ ಪದಗಳನ್ನೂ ಓದಿದೆ. ಹರಿದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದವರು ಇದೇ ಮಂಗಳೂರಿನಲ್ಲಿದ್ದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರೂ ಅವರೇ. ಸೆಮಿನರಿ, ಅಚ್ಚುಕೂಟ, ಪತ್ರಿಕೆ ಇವುಗಳ ನಡುವೆ ಆ ಮನುಷ್ಯ ಬೇರೆ ಧರ್ಮದ ಭಕ್ತರ ಹಾಡುಗಳಿಗೆ ಸಮಯ ಕೊಟ್ಟರು. ದಾಸರು ನಿಂದಾಸ್ತುತಿಯಲ್ಲಿ ಹರಿಯನ್ನು ಎದುರಿಗೆ ನಿಲ್ಲಿಸಿ ಜಗಳವಾಡುವ ರೀತಿಯನ್ನು ಓದಿದಾಗ, ಕೀರ್ತನೆಗಾರನ ದೂರು ನನ್ನ ಕನ್ನಡದ ಕಿವಿಗೆ ಮೊದಲ ಬಾರಿ ಸರಿಯಾಗಿ ಕೇಳಿಸಿತು.

ಭಾನುವಾರಗಳಲ್ಲಿ ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಇನ್ನೊಬ್ಬರ ಕೈಯಿಂದ ರೊಟ್ಟಿ ತೆಗೆದುಕೊಳ್ಳುವುದು ಎಷ್ಟು ದೊಡ್ಡ ಆಶೀರ್ವಾದ ಎಂಬುದು ವರ್ಷಗಟ್ಟಲೆ ಕೊಡುತ್ತಲೇ ಇದ್ದವನಿಗೆ ಚೆನ್ನಾಗಿ ತಿಳಿಯುತ್ತದೆ.

ಹಿಂತಿರುಗಿದ ವಾರವೇ ಆ ತಾಯಿಯ ಮನೆಗೆ ಹೋಗಿ 88ನೆಯ ಕೀರ್ತನೆ ಓದಿದೆ. ವಿವರಣೆ ಕೊಡಲಿಲ್ಲ. "ಇದು ಬೈಬಲ್‌ನಲ್ಲೇ ಇದೆಯೇ ಅಯ್ಯನವರೇ?" ಎಂದು ಕೇಳಿ, ಇನ್ನೊಮ್ಮೆ ಓದಿಸಿದರು.

ಸಭೆಯಲ್ಲಿ ನಾನಿಲ್ಲದಾಗ ಪ್ರಸಂಗ ಮಾಡಿದವರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು, ನಿವೃತ್ತ ಶಿಕ್ಷಕಿ ಒಬ್ಬರು ಇದ್ದರು. ಅವರ ಮಾತನ್ನು ಜನ ಇನ್ನೂ ನೆನೆಯುತ್ತಾರೆ. ತಿಂಗಳಿಗೊಂದು ಭಾನುವಾರ ಈಗಲೂ ಪೀಠ ಅವರದ್ದೇ, ಆ ದಿನ ನಾನು ಮಕ್ಕಳೊಂದಿಗೆ ಬೆಂಚಿನಲ್ಲಿರುತ್ತೇನೆ. ನಮ್ಮಲ್ಲಿ ವರ್ಗಾವಣೆ ಯಾವಾಗ ಬರುತ್ತದೋ ಹೇಳಲಾಗದು. ಆದ್ದರಿಂದ, ಮುಂದೆ ಬರುವ ಸಭಾಪಾಲಕರಿಗೂ ಓದಿನ ಬಿಡುವು ಸಿಗಬೇಕೆಂದು ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇವೆ.