ಸರ್ಜರಿ ಆದ್ಮೇಲೆ ಎಷ್ಟು ತಿನ್ಬೇಕು: ಕಣ್ಣಳತೆ ಬಿಡಿ, ಚಮಚ ಹಿಡೀರಿ

ತೂಕ ಇಳಿಸೋ ಸರ್ಜರಿ ಮಾಡಿಸ್ಕೊಂಡು ಮನೆಗೆ ಬಂದ್ಮೇಲೆ ಡಿಸ್ಚಾರ್ಜ್ ಶೀಟಲ್ಲಿ "2 ಟೇಬಲ್ ಸ್ಪೂನ್", "60 ಎಂಎಲ್" ಅಂತೆಲ್ಲ ಬರೆದಿರತ್ತೆ, ಓದೋಕೇನೋ ಸುಲಭ, ಆದ್ರೆ ಅಡುಗೆಮನೇಲಿ ಬಟ್ಟಲು ಹಿಡ್ಕೊಂಡು ನಿಂತಾಗ ಅದು ಎಷ್ಟು ಅಂತಾನೇ ತಲೆಗೆ ಹೋಗಲ್ಲ. ನಾನು ಮೂರನೇ ವಾರ ಮೊಟ್ಟೆ ಮ್ಯಾಶ್ ಮಾಡ್ಕೊಂಡು "ಎರಡೇ ಸ್ಪೂನ್ ತಾನೇ" ಅಂತ ಗೋಪುರ ಗೋಪುರವಾಗಿ ಎರಡು ಸ್ಪೂನ್ ಹಾಕ್ಕೊಂಡೆ, ಕೊನೇ ತುತ್ತು ಎದೆ ಮಧ್ಯ ಸಿಕ್ಕಾಕ್ಕೊಂಡು ಮೂಗಲ್ಲಿ ನೀರು, ಬಾಯಲ್ಲಿ ನೊರೆ, ಅರ್ಧ ಗಂಟೆ ಸಿಂಕ್ ಹತ್ರಾನೇ ನಿಂತಿದ್ದೆ. ಅವತ್ತಿಂದ ಅಳೀದೆ ತಿಂದಿಲ್ಲ.

ಯಾಕೆ ಹಿಂಗಾಗತ್ತೆ ಅಂದ್ರೆ, ಸ್ಲೀವ್ ಸರ್ಜರೀಲಿ ಹೊಟ್ಟೆಯ ಸುಮಾರು 75ರಿಂದ 80 ಪರ್ಸೆಂಟ್ ತೆಗೆದು ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಕೊಳವೆ ಉಳಿಸ್ತಾರೆ, ಗ್ಯಾಸ್ಟ್ರಿಕ್ ಬೈಪಾಸಲ್ಲಿ (ಹೃದಯದ್ದಲ್ಲ, ಹೊಟ್ಟೆ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸೋದು) ಉಳಿಯೋ ಚೀಲ ಶುರೂಲಿ ಸುಮಾರು 30 ಎಂಎಲ್ ಅಷ್ಟೇ. ಹೊಟ್ಟೆ ಹೊಸದು, ಕಣ್ಣು ಮಾತ್ರ ಹಳೇದೇ.

ಮೊದ್ಲು ಸಾಮಾನು. 1 ಗ್ರಾಂ ತೋರಿಸೋ ಡಿಜಿಟಲ್ ಕಿಚನ್ ಸ್ಕೇಲ್ ಒಂದು, ಮೆಶರಿಂಗ್ ಸ್ಪೂನ್ ಸೆಟ್ ಒಂದು (ಟೀ ಸ್ಪೂನ್ 5 ಎಂಎಲ್, ಟೇಬಲ್ ಸ್ಪೂನ್ 15 ಎಂಎಲ್), ಸಣ್ಣ ಬಟ್ಟಲು ಒಂದೆರಡು. ಸೆಟ್ ಇಲ್ಲ ಅಂದ್ರೆ ಕೆಮ್ಮಿನ ಸಿರಪ್ ಜೊತೆ ಬರೋ ಗೆರೆ ಇರೋ ಮುಚ್ಚಳ ತೊಳೆದಿಟ್ಕೊಳ್ಳಿ, ಅದ್ರಲ್ಲಿ 15 ಎಂಎಲ್ ನೀರು ತಗೊಂಡು ನಿಮ್ಮ ಮನೆ ಊಟದ ಚಮಚಕ್ಕೆ ಹುಯ್ದು ನೋಡಿ. ನಮ್ಮನೇಲಿ ದೊಡ್ಡದು ಅನ್ಕೊಂಡಿದ್ದ ಚಮಚ 10 ಎಂಎಲ್‌ಗೇ ತುಂಬಿ ಚೆಲ್ಲಿತು, ಅದ್ರಲ್ಲೇ ಗೋಪುರ ಮಾಡಿದ್ರೆ ಲೆಕ್ಕ ಎಲ್ಲಿಗೆ ಹೋಗತ್ತೋ ದೇವ್ರಿಗೇ ಗೊತ್ತು. ಚಮಚದ ಮೇಲೆ ಚಾಕು ಹಿಂಭಾಗದಿಂದ ಒಂದ್ಸಲ ಸವರಿ ಮಟ್ಟ ಮಾಡ್ಕೊಂಡ್ರೇನೇ ಅದು ಒಂದು ಚಮಚ.

ಬಟ್ಟಲಿಗೆ ಗುರುತು ಹಾಕ್ಕೊಳ್ಳೋದು ನಂಗೆ ತುಂಬಾ ಉಪಯೋಗ ಆಯ್ತು. 1 ಎಂಎಲ್ ನೀರು ಅಂದ್ರೆ 1 ಗ್ರಾಂ, ಅಲ್ವಾ? ಗಾಜಿನ ಬಟ್ಟಲನ್ನ ಸ್ಕೇಲ್ ಮೇಲಿಟ್ಟು ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ, 60 ತೋರ್ಸೋವರೆಗೂ ನೀರು ಹುಯ್ಯಿರಿ, ನೀರು ನಿಂತ ಜಾಗಕ್ಕೆ ಹೊರಗಡೆಯಿಂದ ನೇಲ್ ಪಾಲಿಶಲ್ಲಿ ಒಂದು ಗೆರೆ ಎಳೀರಿ. 120ಕ್ಕೆ ಇನ್ನೊಂದು. ಮುಗೀತು, ಆಮೇಲೆ ಮೊಸರು, ಸೂಪು, ಪ್ಯೂರಿ (ನುಣ್ಣಗೆ ರುಬ್ಬಿದ ಊಟ) ಎಲ್ಲಾ ಗೆರೆ ನೋಡಿ ಹಾಕ್ಕೊಂಡ್ರಾಯ್ತು.

ಎಂಎಲ್‌ಗೂ ಗ್ರಾಂಗೂ ಗೊಂದಲ ಮಾಡ್ಕೋಬೇಡಿ, ಸುಮಾರು ಜನ ಎಡವೋದು ಇಲ್ಲೇ. ನೀರಾಗಿರೋದು, ಮೆತ್ತಗಿರೋದು ಎಂಎಲ್‌ನಲ್ಲಿ, ಚಿಕನ್ ಮೀನು ಪನೀರ್ ಥರದ್ದು ಗ್ರಾಂನಲ್ಲಿ. 60 ಗ್ರಾಂ ಚಿಕನ್ ಎಳೆ ಎಳೆ ಬಿಡಿಸಿದ್ರೆ ಬಟ್ಟಲಲ್ಲಿ 60ರ ಗೆರೆ ದಾಟಿ ಮೇಲೆ ಹೋಗತ್ತೆ, ಗಾಬರಿ ಬೇಡ. ಇನ್ನೊಂದು, 100 ಗ್ರಾಂ ಹಸಿ ಚಿಕನ್ ಬೆಂದ್ಮೇಲೆ ಸುಮಾರು 75 ಗ್ರಾಂ ಆಗತ್ತೆ, ಅದಕ್ಕೆ ಯಾವಾಗ್ಲೂ ಬೇಯ್ಸಿದ್ಮೇಲೇ ತೂಕ ಹಾಕಿ.

ಎಷ್ಟು ಅಂತ ಬಂದ್ರೆ, ಮೊದಲ ದಿನಗಳಲ್ಲಿ 30 ಎಂಎಲ್ ಕಪ್ಪಲ್ಲಿ ಬರೀ ಗುಟುಕು. ಪ್ಯೂರಿ ಶುರು ಆದಾಗ ಒಂದೊಂದ್ ಹೊತ್ತಿಗೆ 2ರಿಂದ 4 ಟೇಬಲ್ ಸ್ಪೂನ್. ಮೆತ್ತಗಿನ ಊಟದ ಟೈಮಲ್ಲಿ ಕಾಲು ಕಪ್ಪಿಂದ (60 ಎಂಎಲ್) ಮೆಲ್ಲಗೆ ಅರ್ಧ ಕಪ್ಪಿಗೆ (120 ಎಂಎಲ್), ವರ್ಷದ ಹೊತ್ತಿಗೆ ತುಂಬಾ ಜನಕ್ಕೆ ಮುಕ್ಕಾಲರಿಂದ ಒಂದು ಕಪ್. ನಿಮ್ಮ ಡಯಟೀಶಿಯನ್ ಬೇರೆ ನಂಬರ್ ಕೊಟ್ಟಿದ್ರೆ ಅದೇ ಫೈನಲ್, ನಂದಲ್ಲ.

ಅಳತೆ ಸರಿ ಇದ್ರೂ ಒಳಗೇನಿದೆ ಅನ್ನೋದು ಬೇರೆ ವಿಷ್ಯ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ. 60 ಎಂಎಲ್ ಮಾಮೂಲಿ ಮೊಸರಲ್ಲಿ ಸಿಗೋದು ಬರೀ 2 ಗ್ರಾಂ, ಅಷ್ಟೇ ಜಾಗ ಹಿಡಿಯೋ ಒಂದು ಮೊಟ್ಟೇಲಿ 6 ಗ್ರಾಂ, 30 ಗ್ರಾಂ ಬೆಂದ ಚಿಕನಲ್ಲಿ 8–9 ಗ್ರಾಂ. ಜಾಗ ಇರೋದೇ ಅಷ್ಟು, ಅದಕ್ಕೆ ಬಟ್ಟಲಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್ ಇಟ್ಕೊಂಡು ಮೊದ್ಲು ಅದನ್ನೇ ತಿನ್ನಿ, ಆಮೇಲೆ ತರಕಾರಿ, ಜಾಗ ಉಳಿದ್ರೆ ಮಾತ್ರ ಅನ್ನನೋ ಬ್ರೆಡ್ಡೋ. ಶುರೂಲಿ ಬರೀ ಊಟದಿಂದ ಆ ನಂಬರ್ ಮುಟ್ಟೋಕೇ ಆಗಲ್ಲ, ಪ್ರೋಟೀನ್ ಪೌಡರ್ ಕೊಡೋದು ಅದಕ್ಕೇನೇ.

ಬಟ್ಟಲಿಗೆ ಹಾಕಿದ್ದು ಮ್ಯಾಕ್ಸಿಮಮ್ ಅಷ್ಟೇ, ಖಾಲಿ ಮಾಡ್ಲೇಬೇಕು ಅಂತೇನಿಲ್ಲ. ಟೀ ಸ್ಪೂನಲ್ಲಿ ತಿನ್ನಿ, ಒಂದು ತುತ್ತು ಬಾಯಿಗಿಟ್ಟು ಸ್ಪೂನ್ ಕೆಳಗಿಡಿ, ನುಣ್ಣಗೆ ಅಗೀರಿ, 20–30 ನಿಮಿಷ ತಗೊಳ್ಳಿ. ಪಕ್ಕೆಲುಬಿನ ಕೆಳಗೆ ಒತ್ತಿದಂಗೆ ಆಗೋದು, ಬಿಕ್ಕಳಿಕೆ, ಇದ್ದಕ್ಕಿದ್ದಂಗೆ ಮೂಗು ಸೋರೋದು, ಇದ್ರಲ್ಲಿ ಯಾವ್ದು ಬಂದ್ರೂ ಅಲ್ಲಿಗೇ ನಿಲ್ಸಿ. ಉಳಿದದ್ದನ್ನ ವಾಪಸ್ ಸ್ಕೇಲ್ ಮೇಲಿಟ್ಟು ನೋಡಿ ಬರ್ಕೊಳ್ಳಿ, 60 ಹಾಕಿ 22 ಉಳಿದ್ರೆ ತಿಂದಿದ್ದು 38, ನಾಳೆ 40 ಹಾಕ್ಕೊಂಡ್ರೆ ವೇಸ್ಟೂ ಆಗಲ್ಲ ಒದ್ದಾಟಾನೂ ಇಲ್ಲ.

ನೀರು ಊಟದ ಜೊತೆ ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ದಿನಕ್ಕೆ ಒಂದೂವರೆ ಲೀಟರ್ ಗುರಿ ಅಂದ್ರೆ ಬಾಟ್ಲಿ ಮೇಲೆ ಗಂಟೆ ಬರೆದು ಗೆರೆ ಹಾಕ್ಕೊಳ್ಳಿ.

ಬಿಸ್ಕೆಟ್, ಚಿಪ್ಸ್, ಐಸ್ ಕ್ರೀಮ್ ಮಾತ್ರ ಈ ಅಳತೆಗೆ ಸಿಗಲ್ಲ. ಅವು ಕರಗಿ ಸರ್ರಂತ ಕೆಳಗಿಳಿದು ಹೋಗತ್ವೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ಬೈಪಾಸ್ ಆದವ್ರಿಗಂತೂ ಸಿಹಿ ಜಾಸ್ತಿ ಆದ್ರೆ ಅರ್ಧ ಗಂಟೆ ಒಳಗೆ ಎದೆ ಡವಡವ, ಬೆವರು, ಭೇದಿ, ಅದನ್ನೇ ಡಂಪಿಂಗ್ ಅನ್ನೋದು.

ಅಳೆದು ತಿಂದ್ರೂ ಮತ್ತೆ ಮತ್ತೆ ವಾಂತಿ ಆಗ್ತಿದ್ರೆ, ನೀರೂ ನಿಲ್ತಿಲ್ಲ ಅಂದ್ರೆ, ಅಳತೆ ಸರಿ ಮಾಡ್ತಾ ಕೂರ್ಬೇಡಿ, ಸರ್ಜನ್‌ಗೆ ಫೋನ್ ಮಾಡಿ, ವಾಂತಿ ಮುಂದುವರಿದ್ರೆ ಬಿ1 ವಿಟಮಿನ್ ಕಮ್ಮಿಯಾಗಿ ನರಕ್ಕೆ ಪೆಟ್ಟು ಬೀಳಬಹುದು.

ವರ್ಷ ಕಳೆದ್ಮೇಲೆ ದಿನಾ ಅಳೆಯೋ ಅಗತ್ಯ ಇಲ್ಲ, ಆದ್ರೆ ತಿಂಗಳಿಗೊಂದು ದಿನ ಸ್ಕೇಲ್ ಹೊರಗೆ ತೆಗೀರಿ. ಹೋದ ತಿಂಗಳು ನಾನು "ಇದು 140 ಗ್ರಾಂ" ಅಂತ ಧೈರ್ಯವಾಗಿ ಹಾಕ್ಕೊಂಡು ತೂಕ ನೋಡಿದ್ರೆ 190.