ನರ್ಸರಿ ಸಸಿಗೆ ನೀರು ಹಾಕೋ ಮುಂಚೆ ಕವರ್ ಎತ್ತಿ ನೋಡಿ

ಹೊಂಗೆ, ನೇರಳೆ, ಬೇವು, ಮತ್ತಿ, ಹೀಗೆ ನಮ್ಮ ಕಡೆ ಮರಗಳ ಸಸಿನ ಟೆರೇಸಲ್ಲೋ ಖಾಲಿ ಸೈಟಲ್ಲೋ ಬೆಳೆಸ್ತಿರೋರು ದಯವಿಟ್ಟು ದಿನಾ ಎರಡು ಹೊತ್ತು ನೀರು ಅನ್ನೋ ಲೆಕ್ಕ ಬಿಟ್ಬಿಡಿ. ಬೆಳಿಗ್ಗೆ ಎದ್ದು ಒಂದೊಂದು ಸಾಲಲ್ಲಿ ನಾಲ್ಕೈದು ಕವರ್ (ಸಸಿ ಇರೋ ಪ್ಲಾಸ್ಟಿಕ್ ಚೀಲ) ಎತ್ತಿ ನೋಡಿ, ನೀರು ಕುಡಿದಿರೋದು ಭಾರ, ಒಣಗಿರೋದು ಹಗುರ, ಒಂದು ವಾರದಲ್ಲಿ ಕೈಗೇ ಗೊತ್ತಾಗುತ್ತೆ. ಹಗುರ ಇದ್ರೆ ಕೆಳಗಿನ ತೂತಿಂದ ನೀರು ಜಿನುಗೋ ತನಕ ನಿಧಾನವಾಗಿ ಹಾಕಿ, ಭಾರ ಇದ್ರೆ ಅವತ್ತು ಮುಟ್ಟಲೇಬೇಡಿ.

ಚಿಮುಕಿಸೋದು ಸಾಲಲ್ಲ. ಕಳೆದ ಏಪ್ರಿಲಲ್ಲಿ ದಿನಾ ನೀರು ಹಾಕಿದ್ರೂ ಬಾಡ್ತಿದ್ದ ಒಂದು ನೇರಳೆ ಸಸಿ ಕವರ್ ಕುಯ್ದು ನೋಡಿದೆ, ಮೇಲೆ ಎರಡು ಬೆರಳಷ್ಟು ಮಣ್ಣು ಒದ್ದೆ, ಅದರ ಕೆಳಗೆ ಇಟ್ಟಿಗೆ ಪುಡಿ ತರ ಒಣಗಿತ್ತು, ಬೇರುಗಳೆಲ್ಲ ಮೇಲ್ಗಡೆನೇ ಸುತ್ಕೊಂಡಿತ್ತು. ತುಂಬಾ ಬೇಜಾರಾಯ್ತು.

ಅತ್ತಿ, ಅರಳಿ, ಆಲದ ಬೀಜ ಸಾಸಿವೆಗಿಂತ ಸಣ್ಣದು, ಪೈಪಲ್ಲಿ ನೀರು ಹಾಕಿದ್ರೆ ಕೊಚ್ಕೊಂಡು ಹೋಗುತ್ತೆ. ತೂತಿರೋ ಟ್ರೇನ ನೀರಿರೋ ತಟ್ಟೇಲಿ ಇಟ್ರೆ ಮಣ್ಣು ಕೆಳಗಿಂದ ಹೀರ್ಕೊಳ್ಳುತ್ತೆ, ಮೇಲ್ಭಾಗ ತೇವ ಕಂಡ ತಕ್ಷಣ ಎತ್ಬಿಡಿ. ಮೊಳಕೆ ಬಂದ್ಮೇಲೆ ತೇವ ಜಾಸ್ತಿ ಆದ್ರೆ ಬುಡ ಕಪ್ಪಾಗಿ ದಾರದ ತರ ತೆಳ್ಳಗಾಗಿ ಸಸಿ ಮಲಗ್ಬಿಡುತ್ತೆ, ಅದನ್ನ ಉಳಿಸೋಕಾಗಲ್ಲ, ಕಿತ್ತು ಹಾಕಿ ಉಳಿದಿದ್ದಕ್ಕೆ ನೀರು ಕಮ್ಮಿ ಮಾಡಿ ಗಾಳಿ ಆಡೋಕೆ ಬಿಡಿ.

2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂದಿದ್ರಲ್ಲ, ಆವಾಗಿಂದ ನಾನು ಅಕ್ಕಿ, ಸೊಪ್ಪು ತೊಳೆದ ನೀರು ಒಂದು ಬಕೆಟಲ್ಲಿ ಎತ್ತಿಡ್ತೀನಿ, ಮಳೆ ನೀರಂತೂ ಸಿಕ್ಕಷ್ಟೂ ಹಿಡೀರಿ. ಆರ್‌ಓ ಫಿಲ್ಟರಿಂದ ಹೊರಗೆ ಬರೋ ನೀರು ಬೇಡ, ಅದರಲ್ಲಿ ಉಪ್ಪಿನಂಶ ಜಾಸ್ತಿ. ಬೋರ್‌ವೆಲ್ ನೀರಿಂದ ಮಣ್ಣ ಮೇಲೆ ಬಿಳೀ ಪದರ ಕಟ್ಟಿದ್ರೆ ಮೇಲ್ಮಣ್ಣು ಕೆರೆದು ಒಂದ್ಸಲ ಮಳೆ ನೀರು ಧಾರಾಳವಾಗಿ ಹಾಯಿಸಿ.

ಜೂನ್ ಮಳೆಗೆ ನೆಡೋ ಸಸಿಗಳಿಗೆ ಮೇ ತಿಂಗಳಿಂದಲೇ ನೀರಿನ ನಡುವೆ ಅಂತರ ಹೆಚ್ಚಿಸ್ತಾ ಬನ್ನಿ, ನೆರಳಿನ ಬಲೆನೂ ಸ್ವಲ್ಪ ಸ್ವಲ್ಪ ಸರಿಸಿ. ಮಧ್ಯಾಹ್ನ ಎಲೆ ತುದಿ ಒಂಚೂರು ಜೋತ್ರೆ ಗಾಬರಿ ಬೇಡ, ಸಂಜೆಗೆ ನೆಟ್ಟಗಾಗುತ್ತೆ, ಬೆಳಿಗ್ಗೆನೂ ಬಾಡಿದ್ರೆ ಮಾತ್ರ ತಡ ಮಾಡ್ದೆ ನೀರು ಕೊಡಿ. ನೆಡೋ ಹಿಂದಿನ ಸಂಜೆ ಪೂರ್ತಿ ನೆನೆಸಿ, ಆಗ ಕವರ್ ಕುಯ್ಯುವಾಗ ಮಣ್ಣಿನ ಹೆಂಟೆ ಒಡೆಯಲ್ಲ.